ಬಲಗಾಲಿನ ತಂತಿ

ಪೈಸಾಂದೂ. ನದಿಯಾಚೆ ಇನ್ನೊಂದು ದೇಶ.
ಸೇರಿದ ದಿನ ದುಡ್ಡು ಕಟ್ಟುವ ಕಿಟಕಿ ಹುಡುಕಿ ಅಲೆದೆ,
ಅಪ್ಪ ಕೊಟ್ಟ ನೋಟು ಅಂಗೈಯ ಬೆವರಿಗೆ ಮೆತ್ತಗಾಗಿತ್ತು.
ಗುಮಾಸ್ತೆ ಗ್ರಾಸಿಯೆಲಾ ಕನ್ನಡಕದ ಮೇಲಿಂದ ನೋಡಿ
"ಇದು ಸರ್ಕಾರದ್ದು ಕಣೇ, ದುಡ್ಡು ಒಳಗಿಡು,
ಆರೋಗ್ಯದ ಕಾರ್ಡು ಎಲ್ಲಿ?" ಎಂದಳು.

ಬಯಾಲಾಜಿಕಲ್ ಎಂಜಿನಿಯರಿಂಗ್ ಅಂದರೆ
ಓಣಿಯವರು ಗೋಧಿಯ ತಳಿಯೇ ಎಂದರು,
ದನದ ಔಷಧಿಯೇ ಎಂದರು.
ಅಪ್ಪ ಏನೂ ಕೇಳಲಿಲ್ಲ.
ವಾಲ್ದೆಮಾರ್ ಬೆಂತಾಂಕೋರ್:
ಮೂವತ್ತೊಂದು ವರ್ಷ ಮಾಂಸದ ಕಾರ್ಖಾನೆ,
ಕೊಕ್ಕೆಗಳು ಸರಿಯುವ ಸಾಲಿನಲ್ಲಿ ಎಂಟನೆಯ ಆಳು,
ಗುಂಡಿಗೆ ಬಿಡಿಸಿ ತೊಟ್ಟಿಗೆ ಹಾಕುವವನು.
ಹೃದಯ ಎಂಬ ಮಾತು ಅವನ ಬಾಯಲ್ಲಿ
ರೇಡಿಯೋ ಹಾಡಿಗಷ್ಟೇ ಸಲ್ಲುತ್ತಿತ್ತು.

ಸಿಗ್ನಲ್ಸ್ ಪೇಪರಿನಲ್ಲಿ ಎರಡು ಸಲ ಡುಮ್ಕಿ.
ಐವರಿಗೊಂದು ಆಸಿಲೋಸ್ಕೋಪು,
ಸೋಲ್ಡರಿಂಗ್ ಕಡ್ಡಿಗೆ ಸರದಿ,
ಸರದಿಯಲ್ಲೇ ಕೈಯಿಂದ ಕೈಗೆ ಮಾಟೆಯ ಬುರುಡೆ.
ಎಂಬತ್ತು ಪುಟದ ಜೆರಾಕ್ಸಿನಲ್ಲಿ
ನಲವತ್ತೊಂದನೆಯ ಪುಟ ಯಾರ ಬಳಿಯೂ ಇಲ್ಲ,
ಪ್ರಶ್ನೆ ಬರುವುದು ಅಲ್ಲಿಂದಲೇ.
ಚಳಿಗಾಲದಲ್ಲಿ ನದಿ ಏರಿ ಕೆಳಗಿನ ಬೀದಿಗೆ ಬಂದಾಗ
ಯಮಂದೂ ಅಮ್ಮನ ಹಾಸಿಗೆಯನ್ನು ನಮ್ಮ ಕ್ಲಾಸಿಗೆ ಹೊತ್ತು ತಂದ.
ಅವಳು ಮೂರು ದಿನ ನಮ್ಮೊಡನೆ ಫೂರಿಯೆ ಸರಣಿ ಕೇಳಿದಳು,
ನಿದ್ದೆ ಚೆನ್ನಾಗಿ ಬಂತು ಎಂದಳು.

ಒಂದು ಮಿಲಿವೋಲ್ಟು.
ಎದೆಯೊಳಗಿನ ಅಷ್ಟೂ ಗದ್ದಲ
ಚರ್ಮದ ಹೊಸ್ತಿಲಿಗೆ ಬರುವಾಗ ಉಳಿಯುವುದು ಇಷ್ಟೇ.
ಅದನ್ನು ಸಾವಿರ ಪಟ್ಟು ಹಿಗ್ಗಿಸಬೇಕು.
ಹಿಗ್ಗಿಸಿದರೆ ಗೋಡೆಯೊಳಗಿನ ಕರೆಂಟೂ ಹಿಗ್ಗುತ್ತದೆ,
ಕರೆಯದೆ ಬಂದ ನೆಂಟನ ಹಾಗೆ.

ಗುರುವಾರ ನನ್ನ ಯಂತ್ರಕ್ಕೊಂದು ಮೈ ಬೇಕಿತ್ತು.
ಅಪ್ಪ ಬಂದ, ಕ್ಷೌರ ಮಾಡಿಸಿಕೊಂಡು,
ಇಸ್ತ್ರಿಯ ಅಂಗಿ ಹಾಕಿಕೊಂಡು,
ಬಂದವನಿಗೆ ಅಂಗಿ ಬಿಚ್ಚು ಎಂದೆ.
ತೋರುಬೆರಳಿನ ತುದಿಯಿಲ್ಲದ ಆ ಕೈಯ ಮಣಿಕಟ್ಟಿಗೊಂದು ತಂತಿ,
ಈ ಕೈಗೊಂದು, ಎಡಗಾಲಿಗೊಂದು.
"ಬಲಗಾಲಿಗೆ?"
ಅದು ಅಳೆಯುವುದಕ್ಕಲ್ಲಪ್ಪ.
ಉಳಿದವು ಯಾವುದನ್ನು ನೆಲ ಎಂದು ನಂಬಬೇಕೋ
ಅದನ್ನು ಹೇಳುವುದಕ್ಕೆ.

ತೆರೆಯ ತುಂಬ ರೋಮ ನಿಮಿರಿದ ಕಂಬಳಿಹುಳು.
ಸೆಕೆಂಡಿಗೆ ಐವತ್ತು ಸಲ ನಡುಗುತ್ತ,
ನಡುವೆ ಎಲ್ಲೋ ಒಂದು ಕೋಡು ಎದ್ದಂತೆ, ಮುಳುಗಿದಂತೆ.
ಅಪ್ಪ ಬಗ್ಗಿ ನೋಡಿದ:
"ಇದರಲ್ಲಿ ನನ್ನದೆಷ್ಟು, ದೀಪದ್ದೆಷ್ಟು?"

ಎರಡು ವರ್ಷದ ಪೇಪರು ಒಂದೇ ಸಾಲಿನಲ್ಲಿ.
ನಾನು ಫಿಲ್ಟರು ತಿರುವಿದೆ, ತಂತಿ ಹೆಣೆದೆ, ಬೈದೆ.
ಅವನು ಕೂತಲ್ಲಿಂದಲೇ ಕೈ ಚಾಚಿ
ಮೇಜಿನಂಚಿನ ಕೆಟಲ್ಲಿನ ಪ್ಲಗ್ಗು ಕಿತ್ತ.
"ನೀರು ಕುದಿಯಬಾರದು. ಸೊಪ್ಪು ಸುಟ್ಟು ಕಹಿಯಾಗುತ್ತೆ."
ಹುಳ ರೋಮ ಉದುರಿಸಿತು.
ಗೆರೆ. ಸಣ್ಣ ದಿಬ್ಬ, ಚೂಪು ಕೋಡು, ಮತ್ತೊಂದು ದಿಬ್ಬ.

ಆಗ ಹೇಳಿದ, ತೆರೆಯಿಂದ ಕಣ್ಣು ತೆಗೆಯದೆ:
"ಬಿಡಿಸಿದ ಮೇಲೂ ಅಂಗೈಯಲ್ಲಿ ಒಂದೆರಡು ಸಲ
ಮಿಡಿಯುವುದುಂಟು. ತೊಟ್ಟಿಗೆ ಹಾಕುವ ಮುಂಚೆ
ನಿಲ್ಲಲಿ ಅಂತ ಕಾಯುತ್ತಿದ್ದೆ.
ಮೇಸ್ತ್ರಿ ಅದಕ್ಕೇ ನನ್ನನ್ನು ಸೋಮಾರಿ ಅಂದದ್ದು."

ಹನ್ನೆರಡು ಕೋಡು ಸರಿಯಾಗಿ ಬಂದವು.
ಹದಿಮೂರನೆಯದು ಅವಸರಪಟ್ಟು ಮುಂಚೆ ಬಂತು, ದಪ್ಪಗೆ,
ಆಮೇಲೆ ಖಾಲಿ ಜಾಗ, ಉದ್ದ.
ಮತ್ತೆ ಸರಿ.
ಪೆಟ್ಟಿಗೆಯ ಮೇಲೆ ನಾನೇ ಅಂಟಿಸಿದ ಚೀಟಿ:
ಕಲಿಕೆಗೆ ಮಾತ್ರ. ರೋಗ ಹೇಳಲಿಕ್ಕಲ್ಲ.
ಯಮಂದೂ ನನ್ನ ಮುಖ ನೋಡಿದ. ನಾನು ಕೆಟಲ್ಲು ನೋಡಿದೆ.
ಅದರ ಪ್ಲಗ್ಗು ನೆಲದ ಮೇಲೇ ಬಿದ್ದಿತ್ತು.

"ಸೋಮವಾರ ಆಸ್ಪತ್ರೆಗೆ ಹೋಗೋಣ" ಎಂದೆ.
"ನಿನ್ನ ಪರೀಕ್ಷೆ?"
"ಹದಿನಾಲ್ಕಕ್ಕೆ."
"ಅದಾದ ಮೇಲೆ."
"ಸೋಮವಾರ."
ಕೈಯವು ಬಿಚ್ಚಿದೆ, ಎಡಗಾಲಿನದು ಬಿಚ್ಚಿದೆ.
ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಅವನು ಏಳಲು ಹೋದ.
ತಡಿ, ಅಂದೆ,
ಬಲಗಾಲಿನದು ಇನ್ನೂ ಇದೆ.