ಹತ್ತು ಸೆಕೆಂಡಿಗೊಮ್ಮೆ

ಟ್ರಾಮ್ ಓಡಿಸುವವರಿಗೆ ಮೊದಲ ದಿನವೇ ಹೇಳಿಕೊಡುವ ಪಾಠ ಇದು:
ಎಡಗಾಲ ಕೆಳಗಿನ ಪೆಡಲನ್ನು ಒತ್ತಿ ಹಿಡಿದಿರಬೇಕು,
ಹತ್ತು ಸೆಕೆಂಡಿಗೊಮ್ಮೆ ಸಡಿಲಿಸಿ ಮತ್ತೆ ಒತ್ತಬೇಕು.
ಒತ್ತದಿದ್ದರೆ ಗಂಟೆ ಬಡಿದುಕೊಳ್ಳುತ್ತದೆ,
ಆಮೇಲೂ ಒತ್ತದಿದ್ದರೆ ಗಾಡಿ ತಾನೇ ನಿಲ್ಲುತ್ತದೆ.
ಓಡಿಸುವವಳು ಸತ್ತಳೆಂದು ಅದರ ಲೆಕ್ಕ.

ಹತ್ತೊಂಬತ್ತು ವರ್ಷ ಒತ್ತಿದೆ ನಾನು,
ಪೊಜ್ನಾನಿನ ಹನ್ನೆರಡನೇ ನಂಬರಿನ ಗಾಡಿಯಲ್ಲಿ,
ವಾರ್ತಾ ನದಿಯ ಸೇತುವೆಯನ್ನು ದಿನಕ್ಕೆ ಹದಿನಾಲ್ಕು ಸಲ ದಾಟುತ್ತ.
ಕಾಲಿಗೇ ನೆನಪಿತ್ತು, ತಲೆಗೆ ಕೆಲಸವಿರಲಿಲ್ಲ.

ಈಗ ಫೆಬ್ರವರಿ. ಮೂರು ತಿಂಗಳ ರಜೆ.
ಮಂಚದ ಪಕ್ಕ ನೀರಿನ ಲೋಟ, ಬೆಳ್ಳಿ ಹಾಳೆಯ ಹಿಂದೆ ಬಿಳಿ ಮಾತ್ರೆ.
ಹಾಳೆ ಒಡೆದಾಗ ಬರುವ ಟಿಕ್ ಸದ್ದು
ಇಡೀ ಬೆಳಗಿನಲ್ಲಿ ನಾನು ಮಾಡುವ ಒಂದೇ ಸದ್ದು.

ಮಾತ್ರೆಯನ್ನು ದೂರಲಾರೆ.
ನವೆಂಬರಿನಲ್ಲಿ ನಾನು ಹಳಿಗಳನ್ನು ನೋಡುತ್ತಿದ್ದ ರೀತಿಯೇ ಬೇರೆ ಇತ್ತು,
ಲೆಷೆಕ್‌ಗೂ ಹೇಳಿರಲಿಲ್ಲ ಅದನ್ನು.
ಆ ನೋಟ ಹೋಗಿದೆ.
ಹೋಗುವಾಗ ಮನೆಯ ಇನ್ನೂ ಕೆಲವು ಸಾಮಾನು ಹೊತ್ತೊಯ್ದಿದೆ:
ಕಾಫಿಯ ಆಸೆ, ಅಕ್ಕನ ಜೊತೆಗಿನ ಜಗಳ,
ರೇಡಿಯೋ ಹಾಕಿದೊಡನೆ ಕುಣಿಯುತ್ತಿದ್ದ ಹೆಬ್ಬೆರಳು.
ಚಿಕ್ಕಮ್ಮನ ಶವಪೆಟ್ಟಿಗೆಯ ಮುಂದೆ ನಿಂತಾಗ
ನನ್ನ ಕಣ್ಣು ನೀರು ನಿಂತ ನಲ್ಲಿ. ಅಕ್ಕ ಗ್ರಾಝಿನಾ ನನ್ನತ್ತ ನೋಡಿದಳು,
ಕರವಸ್ತ್ರ ಹಿಡಿದು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು.

ದುಃಖವಲ್ಲ ಇದು.
ದುಃಖವನ್ನು ಬಲ್ಲೆ, ಒಂದೇ ತಟ್ಟೆಯಲ್ಲಿ ಉಂಡವರು ನಾವು.
ಇದು ನೆಂದ ಕಂಬಳಿ. ಹೊದ್ದರೆ ಬೆಚ್ಚಗಿಲ್ಲ, ಸರಿಸಲು ತೋಳಿಲ್ಲ.
ಸಿಂಕಿನಲ್ಲಿ ಮೂರು ತಟ್ಟೆ, ನಿನ್ನೆಯವಲ್ಲ, ಮೊನ್ನೆಯವು.
ಎದ್ದು ತೊಳೆಯಬೇಕು ಎನ್ನುತ್ತೇನೆ.
ಎನ್ನುವುದರಲ್ಲೇ ದಣಿದು ಮಲಗುತ್ತೇನೆ.

"ನಾಕು ಹೆಜ್ಜೆ ನಡೆದು ಬಾ, ಎಲ್ಲ ಸರಿಹೋಗುತ್ತೆ" ಎಂದಳು ಪಾನಿ ಯಾದ್ವಿಗಾ,
ಮೆಟ್ಟಿಲಲ್ಲಿ, ಎಂಬತ್ತೊಂದರ ವಯಸ್ಸಿನಲ್ಲಿ,
ಕೈಯಲ್ಲಿ ಐದು ಕಿಲೋ ಆಲೂಗಡ್ಡೆ.
ಪಾಪ, ಅವಳ ಮಾತು ಸುಳ್ಳಲ್ಲ.
ಆದರೆ ಆ ನಾಕು ಹೆಜ್ಜೆಗೂ ಮುಂಚೆ ಕಾಲುಚೀಲವಿದೆ.
ಅದರ ಜೋಡಿ ಹುಡುಕುವುದಿದೆ.

ಡಾಕ್ಟರ್ ನೊವಿತ್ಸ್ಕಾ ಕೇಳಿದರು: ಹೇಗಿದ್ದೀರಿ?
ನಿಲ್ದಾಣದಲ್ಲಿ ನಿಂತ ಗಾಡಿಯ ಹಾಗೆ, ಎಂದೆ.
ದೀಪ ಉರಿಯುತ್ತಿದೆ, ಬಾಗಿಲು ತೆರೆದಿದೆ, ಹೊರಡುವುದಿಲ್ಲ.
ಅವರು ನಗಲಿಲ್ಲ, ಬರೆದುಕೊಂಡರು.
ಬೆಳಗಿನ ಮಾತ್ರೆಯನ್ನು ರಾತ್ರಿಗೆ ಬದಲಿಸೋಣ, ಮೂರು ವಾರ ನೋಡೋಣ,
ಆಗಲೂ ಹೀಗೇ ಇದ್ದರೆ ಬೇರೆ ದಾರಿಯಿದೆ,
ನೀವಾಗಿ ಮಾತ್ರ ನಿಲ್ಲಿಸಬೇಡಿ, ಎಂದರು.
ಮೂರು ವಾರ. ಸರಿ.
ಹತ್ತು ಸೆಕೆಂಡಿನ ಎಷ್ಟು ಕಂತು ಎಂದು ಲೆಕ್ಕ ಹಾಕಲು ಹೋಗಿ
ಅರ್ಧಕ್ಕೇ ಬಿಟ್ಟೆ.

ನಿನ್ನೆ ಒಂದು ತಟ್ಟೆ ತೊಳೆದೆ.
ಮೂರರಲ್ಲಿ ಒಂದು. ಹಿಂಬದಿ ತೊಳೆಯಲಿಲ್ಲ.

ಇವತ್ತು ಜೋಡಿಯಲ್ಲದ ಕಾಲುಚೀಲ ಹಾಕಿಕೊಂಡೇ ಇಳಿದೆ.
ಹನ್ನೆರಡನೇ ನಂಬರು ಬಂತು.
ಲೆಷೆಕ್ ಕನ್ನಡಿಯಲ್ಲಿ ನನ್ನನ್ನು ಕಂಡ, ಮಾತಾಡಿಸಲಿಲ್ಲ.
ಓಡಿಸುವವರ ಜೊತೆ ಮಾತಾಡಕೂಡದು ಎಂಬ ಬೋರ್ಡು
ಹೀಗೂ ಉಪಯೋಗಕ್ಕೆ ಬರುತ್ತದೆಂದು ತಿಳಿದಿರಲಿಲ್ಲ.
ಹಿಂದಿನ ಸೀಟಿನಲ್ಲಿ ಕೂತೆ.
ಕೆಳಗಿನ ಹೀಟರು ಮೀನಖಂಡಕ್ಕೆ ಬಿಸಿ ಊದುತ್ತಿತ್ತು.
ನನ್ನಿಂದ ಯಾರಿಗೂ ಏನೂ ಬೇಕಿರಲಿಲ್ಲ,
ಆದರೂ ಸೇತುವೆ ಬಂತು, ನದಿ ಬಂತು,
ದಡಕ್ಕೆ ಮಂಜುಗಡ್ಡೆಯ ಅಂಚು, ನಡುವೆ ಕಪ್ಪು ನೀರು.
ಚಂದ ಎನಿಸಲಿಲ್ಲ. ಸುಳ್ಳೇಕೆ ಹೇಳಲಿ.
ಹರಿಯುತ್ತಿದೆ ಎನಿಸಿತು.

ಕೊನೆಯ ನಿಲ್ದಾಣದ ತಿರುವಿನಲ್ಲಿ ಗಾಡಿ ನಿಧಾನಿಸಿದಾಗ
ತಲೆ ಬಗ್ಗಿಸಿ ನೋಡಿದೆ: ನನ್ನ ಎಡಗಾಲು,
ಬೂಟಿನ ಮೇಲೆ ಹಸಿರು ಕಾಲುಚೀಲ ಇಣುಕುತ್ತಿದ್ದದ್ದು,
ಬರೀ ನೆಲವನ್ನು ಒತ್ತುತ್ತಿತ್ತು,
ಬಿಡುತ್ತಿತ್ತು,
ಒತ್ತುತ್ತಿತ್ತು.