ಎರಡನೇ ಸೀಟು

ರೆಡಿಮೇಡ್ ಕೊಂಡಿದ್ದರೆ ಹೋದ ವರ್ಷವೇ ಹಾರುತ್ತಿತ್ತು.
ಮುನಿವೆಂಕಟನಿಗೆ ಪೆಟ್ಟಿಗೆಯೇ ಬೇಕಿತ್ತು.
ಹೊಸೂರಿನ ಮತ್ತಿಗಿರಿ ಶೆಡ್ಡಿನಲ್ಲಿ, ಲೇತಿನ ಪಕ್ಕ,
ಮೂರು ಬೇಸಿಗೆ ಬಿಡಿಬಿಡಿಯಾಗಿ ಮಲಗಿತ್ತು ವಿಮಾನ.

ಅವನ ಕೈ ದಪ್ಪ. ರೆಕ್ಕೆಯ ಹೊಟ್ಟೆಯೊಳಗೆ
ಟಾರ್ಚು ಹಿಡಿದು ತೂರಿದ್ದು ನನ್ನ ಕೈ.
ಅಲ್ಲಿ, ಯಾರಿಗೂ ಕಾಣದಲ್ಲಿ, ಪೆನ್ಸಿಲಿನಲ್ಲಿದೆ
ಆ ತಿಂಗಳ ಹಾಲಿನ ಲೆಕ್ಕ.

ಇವತ್ತು ಮೊದಲ ಸಲ.
ಜೊತೆಗೆ ಯಾರೂ ಕೂರುವಂತಿಲ್ಲ, ನಿಯಮ.
ತೂಕ ಮಾತ್ರ ಬೇಕಂತೆ.
ಗುಲಾಬಿ ತೋಟದ ಗೊಬ್ಬರದ ಚೀಲಕ್ಕೆ ಮರಳು ತುಂಬಿ,
ನನ್ನನ್ನು ತೂಕದ ಮೆಷಿನ್ನಿಗೆ ಹತ್ತಿಸಿ,
ಐವತ್ತೆಂಟಕ್ಕೆ ಸರಿಮಾಡಿ
ಬೆಲ್ಟು ಬಿಗಿದ.

ಎದ್ದಿತು. ಬೇಲಿಯಾಚೆ ಹಸಿರುಮನೆಗಳ ಪ್ಲಾಸ್ಟಿಕ್ಕಿನ ಮೇಲೆ
ನೆರಳು ಜಾರಿತು.
ಕತ್ತೆತ್ತಿ ನಿಂತಿದ್ದೇನೆ.
ಮೇಲೆ, ನನ್ನಷ್ಟೇ ತೂಕದವಳು
ಹೆದರುತ್ತಲೂ ಇಲ್ಲ,
ಕೆಳಗೆ ನೋಡುತ್ತಲೂ ಇಲ್ಲ.