ಹಿಮ್ಮಡಿ ಗೋಡೆಗೆ

ಶಿವಮೊಗ್ಗದ ತರಬೇತಿ ಹಾಲಿನಲ್ಲಿ, ಬೆಳಗಿನ ಟೀ ಆದ ಮೇಲೆ
ಸಾಹೇಬರು ಗೋಡೆಯ ಮೇಲೆ ಎರಡು ಕಂಬ ನಿಲ್ಲಿಸಿದರು.
ಎಡಕ್ಕೆ ನಾರ್ವೆ. ಬಲಕ್ಕೆ ನಾವು.
ಒಂದನೇ ಕ್ಲಾಸಿಗೂ ಮುಂಚಿನ ಮಕ್ಕಳಿಗೆ
ಸರ್ಕಾರ ತಲೆಗಿಷ್ಟು ಅಂತ ಮಾಡುವ ಖರ್ಚು.
ನೀಲಿ ಕಂಬ ಫ್ಯಾನಿನ ರೆಕ್ಕೆಗೆ ತಲೆ ತಾಗಿಸುವಂತಿತ್ತು.
ನಮ್ಮದು, ಮೇಜಿನ ಮೇಲಿನ ನೀರಿನ ಬಾಟಲಿಯ ಹಿಂದೆ
ಅಡಗಿ ಕೂತಿತ್ತು.
ಸಾಹೇಬರು ಬಾಟಲಿ ಸರಿಸಿದರು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.
ನನಗೆ ನಗು ಬರಲಿಲ್ಲ. ಇಪ್ಪತ್ತೆರಡು ವರ್ಷದಿಂದ
ರಿಪ್ಪನ್‌ಪೇಟೆಯ ಹಿಂಬದಿ ಕೇರಿಯಲ್ಲಿ
ತಿಂಗಳಿಗೊಮ್ಮೆ ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಅಳೆಯುವವಳು.
ಬಾಯಿಯ ತುದಿಗೆ ಬಂದಿತ್ತು:
ಚಪ್ಪಲಿ ಬಿಚ್ಚಿಸಿದಿರಾ ಸರ್?
ಹಿಮ್ಮಡಿ ಗೋಡೆಗೆ ತಾಗಿತ್ತಾ? ಜುಟ್ಟು ಒತ್ತಿ ನೋಡಿದಿರಾ?
ನಮ್ಮ ಇನಾಯತ್ ಉಸಿರು ಬಿಗಿಹಿಡಿದರೆ
ಎರಡು ಬೆರಳು ಉದ್ದವಾಗುತ್ತಾನೆ.

ಆಮೇಲೆ ಒಂದು ಫೋಟೋ.
ಅಲ್ಲಿಯೂ ಮಳೆಯಂತೆ, ನಮ್ಮ ಹಾಗೇ, ಬಿಟ್ಟೂ ಬಿಡದೆ.
ಮಕ್ಕಳ ಒದ್ದೆ ಕಾಲುಚೀಲ ಒಣಗಿಸಲಿಕ್ಕೇ
ಒಂದು ಬೀರು; ಒಳಗೆ ಬಿಸಿಗಾಳಿ ಸುತ್ತುತ್ತದಂತೆ.
ಕಂಬ ನೋಡಿ ಅರ್ಥವಾಗದ್ದು
ಬೀರು ನೋಡಿ ಅರ್ಥವಾಯಿತು.

ನಮ್ಮಲ್ಲಿ ಆ ಬೀರಿನ ಹೆಸರು ಚೌಡಮ್ಮ.
ಗ್ಯಾಸ್ ಒಲೆಯ ಮೇಲೆ ಅಡ್ಡ ಹಗ್ಗ ಕಟ್ಟಿ
ಹದಿನೇಳು ಚಡ್ಡಿ ಒಣಗಿಸುತ್ತಾಳೆ ಆಷಾಢವಿಡೀ.
ಸಾರಿಗೆ ಸೋಪಿನ ವಾಸನೆ,
ಚಡ್ಡಿಗೆ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ.
ಮೂರು ತಿಂಗಳಾಯಿತು ಅವಳ ಗೌರವಧನ ಬಂದು.
ಗೌರವ ಬಂದಿದೆ ಅನ್ನುತ್ತಾಳೆ, ಧನ ದಾರಿಯಲ್ಲಿದೆ.

ಮೊಟ್ಟೆಗೆ ಇಲಾಖೆಯ ರೇಟು ಒಂದು,
ಸಂತೆಯಲ್ಲಿ ಶೇಖಬ್ಬ ಹೇಳುವ ರೇಟು ಇನ್ನೊಂದು.
ನಡುವಿನ ಚಿಲ್ಲರೆ ನನ್ನ ಪರ್ಸಿನದು.
ಕೊನೆಗೂ ಎದ್ದು ಕೇಳಿದೆ:
ಆ ಚಿಲ್ಲರೆ ಯಾವ ಕಂಬದಲ್ಲಿದೆ ಸರ್?

ಅವರು ಲ್ಯಾಪ್‌ಟಾಪು ನೋಡಿದರು, ಕನ್ನಡಕ ತೆಗೆದರು.
ಅದು ಡೇಟಾದಲ್ಲಿ ಬರೋದಿಲ್ಲ ಮೇಡಂ, ಅಂದರು.
ಕೆಟ್ಟವರಲ್ಲ. ಬರೆದು ಕೊಡಿ ಬೇಕಾದರೆ,
ಎಲ್ಲರದ್ದೂ ಸೇರಿಸಿದರೆ ನಮ್ಮದೂ ಒಂದು ಕೂದಲೆಳೆ ಏರಬಹುದು.

ಬೇಡ ಸರ್. ಏರಿಸಬೇಡಿ.
ಅದು ಅದರ ಎತ್ತರವಲ್ಲ.
ಹಿಂದಿನಿಂದ ಕಂಕುಳಿಗೆ ಕೈಕೊಟ್ಟು ಎತ್ತಿ ಹಿಡಿದಿದ್ದೇವೆ, ಅಷ್ಟೆ.
ಎತ್ತಿ ಹಿಡಿದು ಅಳೆದರೆ
ಚಾರ್ಟು ಹಸಿರಾಗುತ್ತದೆ,
ಮಗು ಹಸಿದೇ ಮನೆಗೆ ಹೋಗುತ್ತದೆ.

ಹಾಲಿನಲ್ಲಿ ಫ್ಯಾನಿನ ಸದ್ದು. ಆಮೇಲೆ ಊಟದ ಕೂಪನ್ ಹಂಚಿದರು.

ತೂಕ ಕಡಿಮೆ ಬಂದ ಮಗುವನ್ನು ನಾವು ಯಾರೂ ಬೈಯುವುದಿಲ್ಲ.
ಮನೆಗೆ ಹೋಗುತ್ತೇವೆ. ಜಗುಲಿಯಲ್ಲಿ ಕೂತು ಕೇಳುತ್ತೇವೆ,
ರಾತ್ರಿ ಏನು ತಿಂತು, ಬೆಳಿಗ್ಗೆ ಏನು ತಿಂತು.
ಒಂದು ದೇಶಕ್ಕೆ ತೂಕ ಕಡಿಮೆ ಬಂದರೆ
ಯಾರ ಜಗುಲಿಗೆ ಹೋಗಬೇಕು?
ಆಯನೂರು ದಾಟುವವರೆಗೂ ಬಸ್ಸಿನಲ್ಲಿ ಇದೇ.

ಮರುದಿನ ಚೌಡಮ್ಮನಿಗೆ ಎಲ್ಲಾ ಹೇಳಿದೆ.
ನಾರ್ವೆ ಅಂದ್ರೆ ಆನಂದಪುರದ ಆಚೆಯಾ?
ಹೂಂ, ಇನ್ನೂ ಸ್ವಲ್ಪ ಆಚೆ.
ಬೀರಿನ ಸುದ್ದಿಗೆ ಅವಳು ತಲೆ ಎತ್ತಲಿಲ್ಲ.
ಅಲ್ಲಿಯ ಆಯಾಗೆ ಈ ತಿಂಗಳ ಸಂಬಳ ಆಯ್ತಂತಾ?
ಗೊತ್ತಿಲ್ಲ, ಕೇಳೋದು ಮರೆತೆ.
ಅದನ್ನಲ್ವಾ ಮೊದಲು ಕೇಳೋದು, ಅಂದು
ಹಗ್ಗದ ಮೇಲಿನ ಚಡ್ಡಿಗಳನ್ನು ಒಂದೊಂದಾಗಿ
ರೊಟ್ಟಿ ಮಗುಚಿದ ಹಾಗೆ ಮಗುಚಿ ಹಾಕಿದಳು.